ಓಟದ ಎತ್ತುಗಳು: ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಪಶುಹಿತದ ಇತಿಹಾಸ

ಹೈದರಾಬಾದಿನ ಮಲಕಪೇಟೆಯಲ್ಲಿ 1886ರಲ್ಲಿಯೇ ಕುದುರೆಗಳ ಪಂದ್ಯ ಆರಂಭವಾಗಿದ್ದರೂ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದೇ ಹೈದರಾಬಾದು ರಾಜ್ಯದಲ್ಲಿದ್ದ ಯಾದಗಿರಿ, ಶಹಾಪುರ, ಸುರಪುರಗಳ ಒಕ್ಕಲುಮಗನಿಗೆ ಓಟವೆಂದರೆ ಎತ್ತಿನ ಓಟ. ಅದರಲ್ಲಿಯೂ ಕಾರಹುಣ್ಣಿಮೆಯ ಕರಿ.

ಹುಣ್ಣಿಮೆಯ ಹಿಂದಿನ ದಿನವಾದ ಹೊನ್ನುಗ್ಗಿಯ ಮರುದಿನ ಎತ್ತುಗಳ ಮೈ ತೊಳೆದು, ಗೊಟ್ಟದಲ್ಲಿ ಎಣ್ಣೆ ಮೊಟ್ಟೆಗಳನ್ನು ಕುಡಿಸಿ, ಕೋಡಿಗೆ ಬಣ್ಣ ಬಳಿದು, ಬೆನ್ನಿಗೆ ಜೂಲು ಹೊದಿಸಿ, ಸಂಜೆಗೆ ಊರ ಬಾಗಿಲಾದ ಅಗಸಿಯಲ್ಲಿ ಅಡ್ಡಗಟ್ಟಿದ ಬೇವಿನ ಸೊಪ್ಪಿನ ಹಗ್ಗವನ್ನು ಹರಿಯುವಂತೆ ಓಡಿಸುವುದೇ ಕರಿ ಹರಿಯುವಿಕೆ. ಬಿಳಿಯ ಎತ್ತು ಮುಂದಾದರೆ ಹಿಂಗಾರಿಯೂ, ಕೆಂಪು ಎತ್ತು ಮುಂದಾದರೆ ಮುಂಗಾರಿಯೂ ಫಲಿಸುವುದೆಂದು ನಂಬಿಕೆ. ಓಟದ ದೂರ ಅಲ್ಪ. ಮೇಲಾಗಿ, ಕೆಲವೇ ದಿನಗಳಲ್ಲಿ ಕೂರಿಗೆಯನ್ನೆಳೆಯಬೇಕಾದ ಪಶು ಕುಂಟಿತೆಂದರೆ ಬಿತ್ತನೆಯೇ ತಪ್ಪೀತೆಂಬ ಭಯವಿದ್ದುದರಿಂದ, ಶಾಸನದ ಹಂಗಿಲ್ಲದೆಯೇ ಅದಕ್ಕೊಂದು ರಕ್ಷಣೆಯಿತ್ತು. ಬಹುಮಾನದ ಆಸೆಯಿಂದ ಸ್ಪರ್ಧೆಗೆಂದೇ ಸಾಕಿದ ಎತ್ತಿಗೆ ಆ ರಕ್ಷಣೆಯಿಲ್ಲ. ಜಾತ್ರೆಗಳ ಬಂಡಿ ಓಟದಲ್ಲಿ, ಭಾರದ ಕಲ್ಲೆಳೆಯುವ ಪಂದ್ಯದಲ್ಲಿ ಬಾರಕೋಲಿನ ಪೆಟ್ಟು, ಮೊಳೆಯ ತಿವಿತ, ಬಾಲ ತಿರುಚುವಿಕೆಗಳು ಹೊಕ್ಕುದು ಹೀಗೆ. ಇವನ್ನು ಸಂಪ್ರದಾಯವೆಂದು ಕರೆಯುವುದು ಸಂಪ್ರದಾಯಕ್ಕೇ ಮಾಡುವ ಅನ್ಯಾಯ.

ಬ್ರಿಟಿಷರ ಕಾಲದ 1890ರ ಕಾಯಿದೆಯ ಸ್ಥಾನದಲ್ಲಿ, ರುಕ್ಮಿಣಿದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ನಡೆಸಿದ ಪ್ರಯತ್ನದ ಫಲವಾಗಿ, 1960ರಲ್ಲಿ ಪ್ರಾಣಿಹಿಂಸಾ ನಿವಾರಣ ಕಾಯಿದೆ ಬಂದಿತು. 2011ರ ಜುಲೈ 11ರ ಅಧಿಸೂಚನೆಯು, ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಗೂಳಿಯನ್ನು ಸೇರಿಸಿತು, ಕುದುರೆಯನ್ನು ಸೇರಿಸಲಿಲ್ಲ. ಎತ್ತಿನ ದೇಹರಚನೆ ಭಾರವೆಳೆಯಲು ತಕ್ಕುದೇ ಹೊರತು ಪಂದ್ಯದ ಕುದುರೆಯಂತೆ ಓಟಕ್ಕೆ ತಕ್ಕುದಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರ ಮೇ 7ರಂದು ತೀರ್ಪಿತ್ತು ಬಂಡಿ ಓಟಗಳನ್ನು ನಿಷೇಧಿಸಿತು. ಕರ್ನಾಟಕದ 2017ರ ತಿದ್ದುಪಡಿಯು ಅನಾವಶ್ಯಕ ನೋವುಂಟುಮಾಡಕೂಡದೆಂಬ ನಿಬಂಧನೆಯೊಡನೆ ಕಂಬಳಕ್ಕೂ ಎತ್ತಿನ ಓಟಗಳಿಗೂ ಅವಕಾಶವಿತ್ತಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಚಾಟಿಯಡಿಯಲ್ಲಿರುವ ಪಶುವಿನ ನೋವಿನಲ್ಲಿ ಆವಶ್ಯಕವಾದುದು ಯಾವುದು, ಅನಾವಶ್ಯಕವಾದುದು ಯಾವುದು ಎಂಬುದನ್ನು ಕಣದಲ್ಲಿ ನಿಂತು ನಿರ್ಣಯಿಸುವವರು ಬೇಕಲ್ಲವೆ?

ಒಂದೆಡೆ ನೆರೆಯುವ ಜಾತ್ರೆಯಲ್ಲಿ ಅಂಥ ನಿಗಾ ಸಾಧ್ಯ: ಯಾದಗಿರಿ ತಾಲ್ಲೂಕಿನ ಮೈಲಾಪುರದ ಸಂಕ್ರಾಂತಿ ಜಾತ್ರೆಯಲ್ಲಿ ಮಲ್ಲಯ್ಯನ ಪಲ್ಲಕ್ಕಿಯ ಮೇಲೆ ಕುರಿಮರಿಗಳನ್ನೆಸೆಯುವ ಹರಕೆಯನ್ನು ಜಿಲ್ಲಾಡಳಿತ ನಿಷೇಧಿಸಿ, ದಾರಿಯಲ್ಲಿಯೇ ತಪಾಸಣೆ ನಡೆಸಿ ಮರಿಗಳನ್ನು ವಶಕ್ಕೆ ತೆಗೆದುಕೊಂಡುದುಂಟು. ಕರಿಯಾದರೋ ಊರೂರ ಅಗಸಿಯಲ್ಲಿ ಒಂದೇ ಸಂಜೆ ಮುಗಿದುಹೋಗುವುದರಿಂದ ಅಂಥ ತಪಾಸಣೆ ಅಲ್ಲಿ ದುಸ್ಸಾಧ್ಯ; ಓಟಕ್ಕೆ ಮೊದಲು ಎತ್ತಿನ ಗೊರಸು ಕಾಲುಗಳ ಪರೀಕ್ಷೆ, ಮೊಳೆಗೋಲಿನ ನಿಷೇಧ ಇವು ಆಯಾ ಊರಿನ ಹಿರಿಯರಿಂದಲೂ ಪಂಚಾಯಿತಿಯಿಂದಲೂ ಆಗತಕ್ಕವು.