ಹಾಡು ಒಳಗೆ, ಹಾಡಿದವಳು ಹೊರಗೆ

ವಿದ್ಯಾರ್ಥಿಗಳೇ, ಸಾಲಗಾಮೆಯಂಥ ಹೋಬಳಿ ಊರಿನಲ್ಲೂ ಇಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಹೆಣ್ಣುಮಕ್ಕಳು ಮೈಕಿನ ಮುಂದೆ ನಿಂತು ಹಾಡುತ್ತಾರೆ. ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಹಾಗಾದರೆ 1924ರ ಬೆಳಗಾವಿಗೆ ಹೋಗೋಣ.

ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ. ಸ್ವಾಗತಗೀತೆ ಹಾಡಲು ಧಾರವಾಡದಿಂದ ಬಂದಿದ್ದ ಬಾಲಕಿಯರಲ್ಲಿ ಗಂಗೂಬಾಯಿ ಒಬ್ಬಳು, ಹುಟ್ಟಿದ್ದು 1913ರಲ್ಲಿ. ಅವಳನ್ನು ಕಾಡಿದ್ದು ಸಭಾಕಂಪವಲ್ಲ. ಊಟವಾದ ಮೇಲೆ ಆ ಜಾಗವನ್ನು ಶುಚಿಮಾಡಲು ತನಗೆ ಹೇಳಿಬಿಡುತ್ತಾರೇನೋ ಎಂಬ ಭಯ! ದೊಡ್ಡವರಾದ ಮೇಲೆ ಅವರೇ ಇದನ್ನು ನೆನಪಿಸಿಕೊಂಡಿದ್ದಾರೆ. ಹಾಡು ಬೇಕು, ಹಾಡುವವಳ ಜಾತಿ ಬೇಡ, ಕಾಲ ಹಾಗಿತ್ತು.

ಮುಂದೆ 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿ ಅದೇ ಕಂಠವನ್ನು ಮುದ್ರಿಸಿತು. ಜಿ.ಎನ್. ಜೋಶಿಯವರ ಜೊತೆ ಹಾಡಿದ ಮರಾಠಿ ಭಾವಗೀತೆಗಳೂ ಅವುಗಳಲ್ಲಿದ್ದವು. ಆ ಮೊದಲ ತಟ್ಟೆಗಳ ಮೇಲಿದ್ದ ಹೆಸರು ‘ಗಾಂಧಾರಿ’. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಗಾಯಕಿಯನ್ನು ಹೊಸ್ತಿಲು ದಾಟಿಸದ ಮನೆಯೂ ತಟ್ಟೆಯನ್ನು ಕೊಂಡು ನಡುಮನೆಯಲ್ಲೇ ನುಡಿಸಬಹುದಿತ್ತು.

ಇಲ್ಲಿ ಯಂತ್ರದ ಪಾತ್ರವನ್ನೂ ಗಮನಿಸಿ. 1925ಕ್ಕಿಂತ ಮುಂಚೆ ಧ್ವನಿಮುದ್ರಣವೆಂದರೆ ದೊಡ್ಡ ಕೊಳವೆಯೊಳಗೆ ಗಟ್ಟಿಯಾಗಿ ಹಾಡುವುದು. ವಿದ್ಯುತ್ ಮೈಕ್ ಬಂದ ಮೇಲೆ ಮೆಲುದನಿಗೂ ಬೆಲೆ ಬಂತು. ಅಮೆರಿಕದ ಬಿಲ್ಲಿ ಹಾಲಿಡೇ ಬೆಳೆದದ್ದು ಈ ಮೈಕಿನ ನೆರವಿನಿಂದಲೇ. ಆಕೆಯೂ ಹೆಸರು ಬದಲಿಸಿಕೊಂಡವರೇ; ಹುಟ್ಟುಹೆಸರು ಎಲಿನೋರಾ. 1938ರಲ್ಲಿ ಬಿಳಿಯ ವಾದ್ಯಗಾರ ಆರ್ಟಿ ಷಾ ಅವರ ತಂಡದೊಂದಿಗೆ ನ್ಯೂಯಾರ್ಕಿನ ಲಿಂಕನ್ ಹೋಟೆಲಿನಲ್ಲಿ ಹಾಡುತ್ತಿದ್ದಾಗ, ಕಪ್ಪು ವರ್ಣದವರೆಂಬ ಕಾರಣಕ್ಕೆ ಅವರು ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಹೋಗಬೇಕಾಯಿತು. ಧಾರವಾಡಕ್ಕೂ ನ್ಯೂಯಾರ್ಕಿಗೂ ಎಷ್ಟು ದೂರ, ಆದರೆ ಅವಮಾನದ ಚಹರೆ ಎಷ್ಟು ಹತ್ತಿರ!

ಗಂಗೂಬಾಯಿ ಹಾನಗಲ್ ಕ್ರಮೇಣ ಲಘು ಸಂಗೀತವನ್ನು ಬಿಟ್ಟು ಶಾಸ್ತ್ರೀಯ ಗಾಯನಕ್ಕೆ ನಿಂತರು, 2002ರಲ್ಲಿ ಪದ್ಮವಿಭೂಷಣರಾದರು. ಅವರ ಕಥೆ ನಿಮಗೆ ಪಾಠಗಳಲ್ಲಿ ಸಿಕ್ಕಿರಬಹುದು. ಬೀಳಗಿಯ ಅಮೀರಬಾಯಿ ಕರ್ನಾಟಕಿಯ ಹೆಸರು ಅಷ್ಟಾಗಿ ಸಿಗುವುದಿಲ್ಲ, ಇದು ನಮ್ಮ ಮರೆವು.

1943ರಲ್ಲಿ ತೆರೆಕಂಡ ‘ಕಿಸ್ಮತ್’ ಹಿಂದಿ ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲೇ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಸಂಗೀತ ಅನಿಲ್ ಬಿಸ್ವಾಸ್ ಅವರದು, ಮುಖ್ಯ ಹೆಣ್ಣುದನಿ ಅಮೀರಬಾಯಿಯದು. ಅದರಲ್ಲೊಂದು ಹಾಡು ಹೆಸರಿಗೆ ಜರ್ಮನರನ್ನೂ ಜಪಾನೀಯರನ್ನೂ ದೂರ ಹೋಗಿರೆಂದು ಎಚ್ಚರಿಸುತ್ತದೆ. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷ ಅದನ್ನು ಕೇಳಿದವರಿಗೆ ಮಾತು ಯಾರಿಗೆ ತಗಲುತ್ತದೆಂಬುದು ತಿಳಿದೇ ಇತ್ತು.

ಇನ್ನು ಆ ‘ಕರ್ನಾಟಕಿ’ ಎಂಬ ಹೆಸರು. ಆಗ ಬಿಜಾಪುರ ಜಿಲ್ಲೆಯಲ್ಲಿದ್ದ ಬೀಳಗಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರಲ್ಲಿ ಏಕೀಕರಣವಾದರೂ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. ಕರ್ನಾಟಕ ಎಂದಾದದ್ದು 1973ರಲ್ಲಿ. ಅಮೀರಬಾಯಿ ತೀರಿಕೊಂಡದ್ದು 1965ರಲ್ಲಿ. ರಾಜ್ಯಕ್ಕೆ ಇನ್ನೂ ಇಲ್ಲದ ಹೆಸರನ್ನು ಅವರು ತಟ್ಟೆಗಳ ಮೇಲೆ, ತೆರೆಯ ಮೇಲೆ ದೇಶವಿಡೀ ಹೊತ್ತು ತಿರುಗಿದ್ದರು. ಬಿಜಾಪುರದಲ್ಲಿ ಅವರದೇ ಒಂದು ಚಿತ್ರಮಂದಿರವೂ ಇತ್ತು: ಅಮೀರ್ ಟಾಕೀಸ್.