ಮುಖ್ಯ ಸರ್ವರ್, ಮೀಸಲು ಸರ್ವರ್: ನಕಲು ಸರಿಯಾಗಿ ನಡೆಯುತ್ತಿದೆಯೇ?

ಸದಸ್ಯರ ಪಟ್ಟಿ, ವಂತಿಗೆ ಲೆಕ್ಕಗಳನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಇಡುವವರು ಮುಖ್ಯ ಸರ್ವರ್ ಜೊತೆಗೆ ಒಂದು ಮೀಸಲು ಸರ್ವರನ್ನೂ ಇಟ್ಟುಕೊಳ್ಳುವುದುಂಟು. ಮುಖ್ಯ ಸರ್ವರಿನಲ್ಲಾದ ಬದಲಾವಣೆಗಳು ಮೊದಲು ‘ವಾಲ್’ ಎಂಬ ಲಾಗ್‌ನಲ್ಲಿ ದಾಖಲಾಗಿ, ಅಲ್ಲಿಂದ ಮೀಸಲು ಸರ್ವರಿಗೆ ಹರಿಯುತ್ತವೆ. 2010ರಲ್ಲಿ ಬಂದ 9.0 ಆವೃತ್ತಿಯಿಂದ ಈ ಸೌಲಭ್ಯವಿದೆ.

ಮುಖ್ಯ ಸರ್ವರಿನಲ್ಲಿ: ‘ಪಿಜಿ_ಸ್ಟ್ಯಾಟ್_ರೆಪ್ಲಿಕೇಶನ್’ ನೋಡಿ. ಅಲ್ಲಿ ಮೀಸಲು ಸರ್ವರಿನ ಸಾಲೇ ಇಲ್ಲದಿದ್ದರೆ ಸಂಪರ್ಕ ಕಡಿದಿದೆ. ಕಳುಹಿಸಿದ ಸ್ಥಾನಕ್ಕೂ ರೀಪ್ಲೇ ಆದ ಸ್ಥಾನಕ್ಕೂ ಅಂತರ ಬೆಳೆಯುತ್ತಲೇ ಇದ್ದರೆ ಮೀಸಲು ಸರ್ವರ್ ಹಿಂದೆ ಬಿದ್ದಿದೆ. 10ನೇ ಆವೃತ್ತಿಯಿಂದ ವಿಳಂಬ ಸಮಯದ ಲೆಕ್ಕದಲ್ಲೂ ಕಾಣುತ್ತದೆ.

ಮೀಸಲು ಸರ್ವರಿನಲ್ಲಿ: ಕೊನೆಯ ವಹಿವಾಟಿನ ಸಮಯವೊಂದನ್ನೇ ನಂಬಬೇಡಿ. ರಾತ್ರಿಯಿಡೀ ಯಾರೂ ಏನೂ ಬರೆಯದಿದ್ದರೆ, ಎಲ್ಲ ಸರಿಯಿದ್ದರೂ ಅದು ಹಳೆಯದಾಗಿಯೇ ಕಾಣುತ್ತದೆ.

ಸ್ಲಾಟ್ ಬಳಸಿದ್ದರೆ: ಮೀಸಲು ಸರ್ವರ್ ನಿಂತಾಗ ಅದಕ್ಕಾಗಿ ಮುಖ್ಯ ಸರ್ವರ್ ವಾಲ್ ಕಡತಗಳನ್ನು ಕೂಡಿಡುತ್ತಾ ಹೋಗುತ್ತದೆ, ಡಿಸ್ಕ್ ತುಂಬಿ ತಾನೂ ನಿಲ್ಲಬಹುದು. 13ನೇ ಆವೃತ್ತಿಯಿಂದ ಇದಕ್ಕೆ ಮಿತಿ ಹಾಕಬಹುದು. ಮಿತಿ ಮೀರಿದರೆ ಮೀಸಲು ನಕಲನ್ನು ಹೊಸದಾಗಿ ಮಾಡಬೇಕಾದೀತು.

ನೆನಪಿಡಿ: ಮುಖ್ಯ ಸರ್ವರಿನಲ್ಲಿ ತಪ್ಪಾಗಿ ಅಳಿಸಿದ ಹೆಸರು ಸಾಮಾನ್ಯವಾಗಿ ಕ್ಷಣಮಾತ್ರದಲ್ಲಿ ಮೀಸಲಿನಲ್ಲೂ ಅಳಿಯುತ್ತದೆ. ಆದ್ದರಿಂದ ಬೇರೆ ಬ್ಯಾಕಪ್ ಇರಲೇಬೇಕು.