ಪ್ಲಾಸ್ಟಿಕ್ ಚೀಲ ಹುಟ್ಟಿದ ಕಥೆ



ನಿಮ್ಮ ಅಡುಗೆಮನೆಯಲ್ಲಿ ಒಂದು ದೊಡ್ಡ ಚೀಲದ ತುಂಬ ಮಡಚಿಟ್ಟ ಪ್ಲಾಸ್ಟಿಕ್ ಚೀಲಗಳಿವೆಯೇ? ಹಾಗಾದರೆ ಈ ಲೇಖನ ನಿಮಗಾಗಿಯೇ. ಜಿಸಿಎಸ್‌ಇ ಕೆಮಿಸ್ಟ್ರಿಯಲ್ಲಿ ನಾವು ಪಾಲಿಮರ್‌ಗಳ ಬಗ್ಗೆ ಓದುತ್ತೇವೆ. ಆದರೆ ಅವುಗಳ ಹಿಂದಿನ ಕಥೆ ಇನ್ನೂ ಸ್ವಾರಸ್ಯವಾಗಿದೆ.

ಈ ಚೀಲದ ಮೂಲ ನಾವಿರುವ ಇಂಗ್ಲೆಂಡಿನಲ್ಲೇ ಇದೆ. 1933ರ ಮಾರ್ಚ್ ತಿಂಗಳಲ್ಲಿ ಚೆಶೈರ್‌ನ ನಾರ್ತ್‌ವಿಚ್ ಬಳಿ ಐಸಿಐ ಕಂಪನಿಯ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಥಿಲೀನ್ ಅನಿಲವನ್ನು ಭಾರೀ ಒತ್ತಡದಲ್ಲಿಟ್ಟು ಕಾಯಿಸಿದರು. ಅವರು ಹುಡುಕುತ್ತಿದ್ದದ್ದು ಬೇರೇನನ್ನೋ. ಪಾತ್ರೆಯಲ್ಲಿ ಸಿಕ್ಕಿದ್ದು ಮೇಣದಂಥ ಬಿಳಿ ಪದಾರ್ಥ, ಅದೂ ಚಿಟಿಕೆಯಷ್ಟು! ಅದೇ ಪಾಲಿಥಿನ್. 1935ರ ಕೊನೆಗೆ ಅದನ್ನು ಬೇಕೆಂದಾಗ ತಯಾರಿಸುವುದು ಸಾಧ್ಯವಾಯಿತು. ಎರಡನೆಯ ಮಹಾಯುದ್ಧದಲ್ಲಿ ಇದು ರೇಡಾರ್ ಕೇಬಲ್‌ಗಳಿಗೆ ಹೊದಿಕೆಯಾಯಿತು. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಕಡಿಮೆ ಒತ್ತಡದಲ್ಲೇ ಇನ್ನೂ ಗಟ್ಟಿಯಾದ ಪಾಲಿಥಿನ್ ತಯಾರಿಸುವ ದಾರಿ ಕಂಡುಹಿಡಿದರು. 1963ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಮೇಣದಂಥ ವಸ್ತು ತೆಳ್ಳನೆಯ ಚೀಲವಾಗುವುದು ಹೇಗೆ? ಚಕ್ಕುಲಿ ಒರಳನ್ನು ನೆನೆಸಿಕೊಳ್ಳಿ. ಪಾಲಿಥಿನ್ನಿನ ಸಣ್ಣ ಕಾಳುಗಳನ್ನು ಬಿಸಿ ಕೊಳವೆಯೊಳಗೆ ಹಾಕುತ್ತಾರೆ. ಅಲ್ಲಿ ತಿರುಗುವ ದೊಡ್ಡ ಸ್ಕ್ರೂ ಅವನ್ನು ಕರಗಿಸಿ, ಉಂಗುರದಂಥ ಸಂದಿನಿಂದ ಹೊರಗೆ ಒತ್ತುತ್ತದೆ. ಒಳಗಿನಿಂದ ಗಾಳಿ ಊದಿದಾಗ ಅದು ಉದ್ದನೆಯ ಗುಳ್ಳೆಯಂತೆ ಉಬ್ಬಿ ಮೇಲೇರುತ್ತದೆ. ತಣ್ಣಗಾದ ಮೇಲೆ ರೋಲರ್‌ಗಳ ನಡುವೆ ಚಪ್ಪಟೆಯಾಗುತ್ತದೆ. ಆಮೇಲೆ ಶಾಖದಿಂದ ಅಂಟಿಸಿ ಕತ್ತರಿಸಿದರೆ ಚೀಲ ಸಿದ್ಧ. ಊರಿಗೆ ಹೋದಾಗ ನಾವು ತರುವ ನಂದಿನಿ ಹಾಲಿನ ಪ್ಯಾಕೆಟ್ ಕೂಡ ಪಾಲಿಥಿನ್ ಹಾಳೆಯದ್ದೇ.

ಹಿಡಿಕೆಯಿರುವ ಅಂಗಡಿ ಚೀಲವನ್ನು ರೂಪಿಸಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಟುಲಿನ್. ಅವರ ಸೆಲ್ಲೋಪ್ಲಾಸ್ಟ್ ಕಂಪನಿಗೆ 1965ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಹೊಲಿಗೆ ಇಲ್ಲ, ಅಂಟು ಇಲ್ಲ, ತೂಕವೂ ಇಲ್ಲ. ಆದರೂ ಸಾಕಷ್ಟು ಭಾರ ಹೊರುತ್ತದೆ. ಕಾಗದದ ಚೀಲಕ್ಕಾಗಿ ಮರ ಕಡಿಯುವುದು ತಪ್ಪಲಿ ಎಂಬುದು ಅವರ ಆಸೆಯಾಗಿತ್ತು ಎಂದು ಅವರ ಮಗ ಹೇಳಿದ್ದಾರೆ. ಟುಲಿನ್ ಒಂದು ಚೀಲವನ್ನು ಮಡಚಿ ಸದಾ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ! ಅಂದರೆ ಒಮ್ಮೆ ಬಳಸಿ ಬಿಸಾಡಲೆಂದು ಅವರು ಅದನ್ನು ಮಾಡಿರಲಿಲ್ಲ.

ಹಾಗಾದರೆ ತಪ್ಪಿದ್ದೆಲ್ಲಿ? ಅಂಗಡಿಗಳು ಚೀಲವನ್ನು ಪುಕ್ಕಟೆ ಕೊಡತೊಡಗಿದವು. ಪುಕ್ಕಟೆ ಸಿಕ್ಕಿದ್ದಕ್ಕೆ ನಾವು ಬೆಲೆ ಕೊಡಲಿಲ್ಲ. ಸುಲಭವಾಗಿ ಕೊಳೆಯದ ವಸ್ತುವನ್ನು ಹತ್ತು ನಿಮಿಷ ಬಳಸಿ ಎಸೆದೆವು. ಬಾಂಗ್ಲಾದೇಶದಲ್ಲಿ ಚೀಲಗಳು ಚರಂಡಿ ಕಟ್ಟಿ ಪ್ರವಾಹದ ನೀರು ಹರಿಯದಂತೆ ಮಾಡಿದವು. 2002ರಲ್ಲಿ ಆ ದೇಶ ತೆಳು ಚೀಲಗಳನ್ನು ನಿಷೇಧಿಸಿತು. ನಮ್ಮ ಕರ್ನಾಟಕವೂ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ 2015ರಿಂದ ದೊಡ್ಡ ಅಂಗಡಿಗಳು ಚೀಲಕ್ಕೆ 5 ಪೆನ್ಸ್ ತೆಗೆದುಕೊಳ್ಳತೊಡಗಿದವು. 2021ರಲ್ಲಿ ಅದು 10 ಪೆನ್ಸ್ ಆಯಿತು. ಇಷ್ಟು ಚಿಕ್ಕ ಮೊತ್ತಕ್ಕೇ ಎಷ್ಟೋ ಜನ ಮನೆಯಿಂದ ಚೀಲ ಒಯ್ಯುವುದನ್ನು ಕಲಿತರು.

ಇದರಿಂದ ನನಗೆ ತಿಳಿದದ್ದು ಇಷ್ಟು: ಒಂದು ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಅದನ್ನು ಮಾಡಿದವರು ಮಾತ್ರವಲ್ಲ, ಬಳಸುವ ನಾವೂ ತೀರ್ಮಾನಿಸುತ್ತೇವೆ.

ಈ ವಾರ ಊರಿಗೆ ಫೋನ್ ಮಾಡಿದಾಗ ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ ನೋಡಿ: ಅವರ ಕಾಲದಲ್ಲಿ ಸಂತೆಗೆ ಹೋಗುವಾಗ ಏನು ಒಯ್ಯುತ್ತಿದ್ದರು?